ಆಲ್ಡರ್ಬಿಗೆ ವಯಸ್ಸಾಗುವುದಿಲ್ಲ

ಮನಾಮದ ಗುದೈಬಿಯಾ, ಮೂರನೇ ಗಲ್ಲಿ,
ಇದಿನಬ್ಬನ ಕೋಲ್ಡ್ ಸ್ಟೋರ್.
ಮೊಸರಿನ ಫ್ರಿಜ್ಜಿನ ಪಕ್ಕ, ಈರುಳ್ಳಿ ಚೀಲದ ಮೇಲೆ
ಬಾಳೆಹಣ್ಣು ಬಂದಿದ್ದ ಒಂದು ರಟ್ಟಿನ ಪೆಟ್ಟಿಗೆ:
ಇನ್‌ಸ್ಪೆಕ್ಟರ್ ಆಲ್ಡರ್ಬಿಯ ಇಪ್ಪತ್ತೆರಡು ಕೊಲೆಗಳು.
(ಕೊಂದವನು ಅವನಲ್ಲ. ಆದರೂ ನಾವು ಹಾಗೇ ಅನ್ನುವುದು.)
ದೇಶಕ್ಕೆ ಹೊರಟ ಯಾರೋ ಬ್ರಿಟಿಷ್ ಇಂಜಿನಿಯರ್
ಸೋಫಾ ಮಾರಿದ, ಏಸಿ ಮಾರಿದ,
ಇವನ್ನು ಮಾತ್ರ ತೂಕಕ್ಕೂ ಯಾರೂ ಕೇಳಲಿಲ್ಲ.

ಓದಿದವರು ಹಿಂದಿನ ಖಾಲಿ ಹಾಳೆಯಲ್ಲಿ ಬರೆಯಬೇಕು.
ಇದು ಸೆವ್ರಿನ್ ಲೋಬೊ ಮಾಡಿದ ಕಾನೂನು.
ಒಂದನೆಯದರಲ್ಲಿ ಅವರದೇ ಮೊದಲ ಸಾಲು,
ಬಂದರಿನ ಲೆಕ್ಕ ಬರೆದೂ ಬರೆದೂ ನೆಟ್ಟಗಾದ ಅಕ್ಷರ:
‘ಒಳ್ಳೆಯದಿದೆ. ಮಳೆ ಸ್ವಲ್ಪ ಹೆಚ್ಚಾಯಿತು.’
ಕೆಳಗೆ ಜಲಜಾಕ್ಷಿ, ಐಸಿಯುವಿನ ರಾತ್ರಿಪಾಳಿ:
‘ಮಳೆ ಸಾಲದು. ಆಗಸ್ಟಿನಲ್ಲಿ ಇಲ್ಲಿ ಕೂತು ಓದಿ ನೋಡಿ.
ಮತ್ತೆ, ಒಂದು ಗಂಟೆಯಲ್ಲಿ ಹೆಣ ಅಷ್ಟು ಸೆಟೆಯುವುದಿಲ್ಲ.’

ಏಳನೆಯದರ ಹಿಂದೆ ದೊಡ್ಡ ಜಗಳ.
ಆ ಸಾರ್ಜೆಂಟ್ ಹುಡುಗಿಯನ್ನು ಸಾಯಿಸಬಾರದಿತ್ತೆಂದು
ಕ್ರೇನ್ ಆಪರೇಟರ್ ಐತಪ್ಪ ಕುಲಾಲ್, ಕೆಂಪು ಶಾಯಿಯಲ್ಲಿ.
‘ಸತ್ತದ್ದರಿಂದಲೇ ಎಂಟನೆಯದಕ್ಕೆ ಜೀವ ಬಂತು’ ಅಂತ ನಾನು.
‘ನಿಮಗೆ ಕರುಣೆ ಇಲ್ಲ’ ಅಂತ ಮತ್ತೆ ಕೆಂಪು.
ಹಾಳೆ ಮುಗಿದು, ಜಗಳ ಬೆನ್ನುರಟ್ಟಿಗೆ ಹತ್ತಿ,
ಬೆಲೆಚೀಟಿಗೆ ಒಂದು ಸುತ್ತು ಬಂದು ನಿಂತಿದೆ.

ಹದಿನಾಲ್ಕರಿಂದ ಪುಸ್ತಕ ದಪ್ಪ.
ಹೆಂಡತಿ ಬಿಟ್ಟುಹೋದ ಮೇಲೆ ಆಲ್ಡರ್ಬಿಗೆ ಯೋಚನೆ ಜಾಸ್ತಿಯಾಗಿ
ಕೊಲೆ ನೂರನೇ ಪುಟದಾಚೆಗೆ ಜಾರಿತು.
‘ಕಂಪನಿ ಬಸ್ಸಿನಲ್ಲಿ ಸಿತ್ರಾ ಮುಟ್ಟುವವರೆಗೂ ಓದಿದೆ,
ಒಬ್ಬನೂ ಸಾಯಲಿಲ್ಲ’
ಎಂದು ಕುಲಾಲ್ ಬರೆದಿದ್ದಾನೆ, ನಿಜವಾದ ದುಃಖದಿಂದ.

ಇದಿನಬ್ಬನಿಗೆ ಇಂಗ್ಲಿಷ್ ಬಾರದು.
ತಂದಿಟ್ಟವರ ಬಾಯಿಂದ ಕೇಳಿ ಇಪ್ಪತ್ತೆರಡೂ ಕಂಠಪಾಠ.
ಕತೆ ಅರ್ಧವಾಗುವಾಗ, ಮೊಟ್ಟೆ ಎಣಿಸುತ್ತ, ಹೇಳುತ್ತಾನೆ:
‘ಸಾಲ ಬರೆಸದೆ ನಗದು ಕೊಟ್ಟು ಹೋಗುವವ ಯಾರು ನೋಡಿ.
ಅವನೇ.’
ಹದಿನೇಳು ಸಲ ಸರಿಯಾಗಿದೆ.
ಅವನ ಇನ್ನೊಂದು ಅಭಿಪ್ರಾಯವನ್ನು ಯಾರೂ ಬರೆದಿಡಲಿಲ್ಲ:
‘ಎಂಥ ಪೊಲೀಸು ಮಾರಾಯ್ರೆ! ಬಾಗಿಲು ತಟ್ಟುತ್ತಾನೆ,
ಮನೆಯವರು ಕೂರಿಸಿ ಚಾ ಕೊಡುತ್ತಾರೆ,
ಒಮ್ಮೆಯಾದರೂ ಸಿಪಿಆರ್ ಕಾರ್ಡು ಕೇಳುವುದಿಲ್ಲ.’

ಲೋಬೊ ಎಣಿಸಿದ್ದು ಬೇರೆ.
ಒಂದನೆಯದರಲ್ಲಿ ಆಲ್ಡರ್ಬಿಗೆ ನಲವತ್ತೆಂಟು.
ಮೂವತ್ತೊಂದು ವರ್ಷ ಕಳೆದು, ಇಪ್ಪತ್ತೆರಡನೆಯದರಲ್ಲಿ,
ಐವತ್ತಮೂರು.
‘ಪುಣ್ಯಾತ್ಮ,’ ಎಂದರು, ‘ಇವನ ವೀಸಾ ಮಾಡಿಕೊಟ್ಟವರು ಯಾರು?’
ಅಷ್ಟರಲ್ಲಿ ಅವರದು ನಾಲ್ಕು ಪಾಸ್‌ಪೋರ್ಟು,
ಫೋಟೊದಿಂದ ಫೋಟೊಕ್ಕೆ ಕೂದಲು ಹಿಂದೆ ಹಿಂದೆ.

ಇಪ್ಪತ್ತಮೂರನೆಯದು ಹೊಸದಾಗಿಯೇ ಕೊಂಡೆವು.
ನಾಲ್ಕೂ ಮುಕ್ಕಾಲು ದಿನಾರು. ನಾವು ನಾಲ್ವರು ತಲಾ ಒಂದು,
ಮುಕ್ಕಾಲು ಹಾಕಿದವನು ಓದು ಬಾರದ ಇದಿನಬ್ಬ.
ಹಿಂಬದಿಯಲ್ಲಿ ಅಚ್ಚಾಗಿತ್ತು: ಆಲ್ಡರ್ಬಿಯ ಕೊನೆಯ ಕೇಸು.
ಲೋಬೊ ಅದನ್ನು ಅಂಗೈಯಲ್ಲಿ ತೂಗಿ ನೋಡಿ
ಪೆಟ್ಟಿಗೆಗೇ ಇಟ್ಟರು.
ಇಪ್ಪತ್ತೆರಡರ ಹಿಂದೆ ಅವರ ಅಕ್ಷರ ಮೊದಲ ಸಲ ವಾಲಿದೆ:
‘ನನಗೆ ಇಲ್ಲಿಗೆ ಸಾಕು.’
ಆ ತಿಂಗಳೇ ಕಂಪನಿ ಅವರ ಕಾಗದಕ್ಕೂ ಸಹಿ ಹಾಕಿತ್ತು.

ಈಗ ಪ್ರತಿ ಶುಕ್ರವಾರ ಶಿರ್ವದಿಂದ ಫೋನು.
ಸೆಕೆ ಹೇಗೆಂದು ಕೇಳುತ್ತಾರೆ, ಇದಿನಬ್ಬನ ಮಂಡಿನೋವು ಕೇಳುತ್ತಾರೆ,
ಆಮೇಲೆ ಗಂಟಲು ಸರಿಮಾಡಿಕೊಂಡು:
‘ಅದರಲ್ಲಿ ಅವ ಸಾಯುತ್ತಾನಾ, ಬರೀ ರಿಟೈರಾ?’

ನಾನು ಓದಿ ಮುಗಿಸಿ ಎರಡು ತಿಂಗಳು.
ಹಿಂದಿನ ಹಾಳೆ ಖಾಲಿ ಬಿಟ್ಟಿದ್ದೇನೆ. ಕುಲಾಲನೂ ಬರೆದಿಲ್ಲ.
‘ಇನ್ನೂ ಅಲ್ಲಿಗೆ ಬಂದಿಲ್ಲ ಲೋಬೊರೇ,
ಈಗಷ್ಟೇ ನೂರನೇ ಪುಟ. ಒಬ್ಬನೂ ಸತ್ತಿಲ್ಲ.’

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.
ಇಪ್ಪತ್ತೆರಡು ಓದಿದ ಮನುಷ್ಯ.
ಸುಳ್ಳಿಗೆ ಮುಂಚಿನ ನನ್ನ ಅರ್ಧ ಉಸಿರು ಕೇಳಿಸಿರಲೇಬೇಕು.
‘ನಿಧಾನಕ್ಕೆ ಓದಿ,’ ಎನ್ನುತ್ತಾರೆ.