ನೀರು ಹೊತ್ತವಳ ದಾರಿ

ವಿರಾಜಪೇಟೆಯಲ್ಲಿ, ಸಮಾಜದ ಕಟ್ಟಡದ ಹಿಂದೆ
ಸಿಮೆಂಟಿನದೊಂದು ಬಾವಿ, ಆಳ ನಾಲ್ಕೇ ಅಡಿ.
ಬೆಳಿಗ್ಗೆ ಆರಕ್ಕೆ ಟ್ಯಾಂಕರು ಬಂದು ತುಂಬಿಸಿ ಹೋಗಿತ್ತು.
ಏಪ್ರಿಲ್ ನೋಡಿ, ನಲ್ಲಿಗೆ ನಾಲ್ಕು ದಿನಕ್ಕೊಂದು ಸರದಿ.
ಗಂಗೆಗೂ ಬಾಡಿಗೆ ಬಂತಲ್ಲ ಎಂದು ನಕ್ಕವನು ನಾನೇ.

ಮುತ್ತವ್ವ ವೀಳ್ಯದೆಲೆ ಬಿಟ್ಟು, ಕಾಯಿ ಒಡೆದು,
ಸಿಂಬಿಯ ಮೇಲೆ ಕೊಡ, ಕೊಡದ ಮೇಲೆ ಕೊಡ ಹೊತ್ತು
ತಿರುಗಿದಳು. ಬಾವಿಯಿಂದ ಬಾಗಿಲಿಗೆ ನಲವತ್ತು ಹೆಜ್ಜೆ.
ವಾಲಗ ಶುರು. ಗಂಡಿನ ಕಡೆಯವರು ನಾವು ದಾರಿಗಿಳಿದೆವು.

ಗೊತ್ತಲ್ಲ, ಅದು ಆಟ. ಯಾರೂ ಅವಳನ್ನು ತಡೆಯುವುದಿಲ್ಲ,
ಕುಣಿಯುತ್ತೇವೆ, ಅಷ್ಟೇ, ಅವಳ ಮುಂದೆ.
ನಾನು ಸರಿದಲ್ಲಿಗೆ ಇನ್ನೊಬ್ಬ ಬರುತ್ತಾನೆ,
ಅವನು ಸರಿದಲ್ಲಿಗೆ ಮತ್ತೊಬ್ಬ.
ಒಬ್ಬೊಬ್ಬನನ್ನೇ ಕೇಳಿ ನೋಡಿ,
ದಾರಿ ಬಿಟ್ಟೇ ಇದ್ದೇನಲ್ಲ ಎನ್ನುತ್ತಾನೆ.
ಎರಡು ಗಂಟೆಯಲ್ಲಿ ಅವಳು ನಡೆದದ್ದು ಹನ್ನೊಂದು ಹೆಜ್ಜೆ.

ಆಗ ಚಿಟ್ಟಿಯಪ್ಪ ಮಾವ ಎದ್ದರು.
ಸುಬೇದಾರ್; ನಿವೃತ್ತಿಯಾಗಿ ಹದಿನಾಲ್ಕು ವರ್ಷ.
ಗ್ಲಾಸು ಕುರ್ಚಿಯ ಕೆಳಗಿಟ್ಟು, ಚೇಲೆ ಬಿಗಿದುಕೊಂಡು
ನಮ್ಮ ನಡುವೆ ಬಂದರು. ಕುಣಿಯಲಿಕ್ಕೆಂದು ಶಿಳ್ಳೆ ಹಾಕಿದೆವು.
"ದಾರಿ ಬಿಡಿ" ಎಂದರು.
ಪರೇಡಿನ ದನಿಯಲ್ಲ. ಹಾಗಿದ್ದರೆ ನಗಬಹುದಿತ್ತು.
ವಾಲಗ ತಾನಾಗಿ ನಿಂತಿತು.
ಮುತ್ತವ್ವನ ಕುತ್ತಿಗೆಯ ನರ ಆಗ ಕಂಡಿತು ನನಗೆ.

ಪದ್ಧತಿ ಕೆಟ್ಟಿತು, ಮುದುಕನಿಗೆ ಏರಿದೆ ಎಂದರು.
ಏರಿರಲಿಲ್ಲ. ಪಂದಿಕರಿ ಬಡಿಸುವ ಹೊತ್ತಿಗೆ
ಜೀಪಿನ ಬಾನೆಟ್ಟಿಗೆ ಒರಗಿ, ನಾನು ಕೇಳದಿದ್ದರೂ ಹೇಳಿದರು:

ನೀಲಿ ಟೋಪಿ ಹಾಕಿ ಕಾವಲಿಗೆ ಹೋದ ದೇಶ.
ಅಲ್ಲೊಂದು ಪೇಟೆ, ನಮ್ಮ ಪೇಟೆಯಷ್ಟೇ.
ಗುಡ್ಡದ ಮೇಲಿನವರು ಕರೆಂಟಿನ ತಂತಿ ಕತ್ತರಿಸಿದರು,
ಹೊಳೆಯಾಚೆಯವರು ಪೈಪಿಗೆ ಶೆಲ್ಲು ಹಾಕಿದರು,
ಇವರನ್ನು ಕೇಳಿದರೆ ಅವರು, ಅವರನ್ನು ಕೇಳಿದರೆ ಇವರು.
ಪೈಪು ನಾವೇ ಬೆಸೆದೆವು. ಪಂಪು ಡೀಸೆಲ್ಲಿನಲ್ಲಿ ಓಡಿತು.
ಆಮೇಲೆ ನಮ್ಮ ಕ್ಯಾಂಪಿನ ಡೀಸೆಲ್ ಲಾರಿ ಬರಲಿಲ್ಲ.
ಶೀತಗೂಡಿನಲ್ಲಿ ಮಾಂಸವಿತ್ತು, ಮುನ್ನೂರು ಜನರದ್ದು.
ಮೂರೇ ದಿನ ಎಂದು ಬೆರಳು ತೋರಿಸಿ
ಪಂಪ್‌ಹೌಸಿನಿಂದ ನಾಲ್ಕು ಬ್ಯಾರೆಲ್ ತಂದೆ.
ರಸೀದಿ ಕೊಟ್ಟೆ. ಪಂಪಿನ ಮುದುಕ
ಪ್ರಸಾದದ ಹಾಗೆ ಎರಡೂ ಕೈಯಲ್ಲಿ ತೆಗೆದುಕೊಂಡ.
ಮೂರು, ಹನ್ನೆರಡಾಯಿತು.
ಹೆಂಗಸರು ಕತ್ತಲಲ್ಲಿ ಹೊಳೆಗಿಳಿದರು, ಹಳದಿ ಕ್ಯಾನು ಹಿಡಿದು.
ಬೆಳಿಗ್ಗೆ ಎಣಿಸುವ ಕೆಲಸ ನನ್ನದೇ.
ಖಾಲಿ ಕ್ಯಾನು ತೇಲುತ್ತದೆ. ಎಣಿಸುವುದು ಸುಲಭ.

ವರದಿಯಲ್ಲೊಂದು ಕಲಂ: ನೀರು ನಿಂತದ್ದಕ್ಕೆ ಹೊಣೆ ಯಾರು?
'ಖಚಿತವಾಗಿಲ್ಲ' ಎಂದು ಬರೆದೆ.
ದುಂಡಗಿನ ಅಕ್ಷರ ಎಂದು ಸಾಹೇಬರು ಹೊಗಳಿದರು.

ಪರ್ಸಿನಿಂದ ತೆಗೆದರು ಕಾರ್ಬನ್ ಪ್ರತಿ,
ಮಡಿಕೆ ಮಡಿಕೆಗೂ ಹರಿದದ್ದು.
ತಾರೀಕು ಮಾಸಿದೆ, ಬ್ಯಾರೆಲ್ಲಿನ ಲೆಕ್ಕವೂ. ಸಹಿ ಮಾಸಿಲ್ಲ.

ಏನಾದರೂ ಹೇಳಬೇಕಲ್ಲ,
"ನಿಮ್ಮೊಬ್ಬರದ್ದೇ ತಪ್ಪಲ್ಲವಲ್ಲ ಮಾವ" ಎಂದೆ.
ಕುಣಿದು ಧೂಳಾದ ನನ್ನ ಪಾದ ನೋಡಿದರು.
"ಬಾವಿಯ ಹತ್ತಿರ ನೀನೂ ಅದನ್ನೇ ಹೇಳುತ್ತಿದ್ದೆ."

ಅಷ್ಟರಲ್ಲಿ ಟ್ಯಾಂಕರಿನವ ಬಾಕಿ ಕೇಳಲು ಬಂದ.
ನಮ್ಮವರು ಹೆಣ್ಣಿನ ಕಡೆ ತೋರಿಸಿದರು,
ಹೆಣ್ಣಿನ ಕಡೆಯವರು ಅಡುಗೆಯವರ ಕಡೆ.
ಎಲೆಗಳು ಎದ್ದವು, ಮತ್ತೊಂದು ಪಂಕ್ತಿ ಕೂತಿತು.
ಅವನು ರಸೀದಿ ಪುಸ್ತಕ ಹಿಡಿದು ನಿಂತೇ ಇದ್ದ.