ಖಾಲಿ ಲಾರಿಯ ತೂಕ

ಅವನನ್ನು ನಾನು ನೋಡಿಲ್ಲ.
ನೋಡುವುದೂ ಇಲ್ಲ.
ಗುರುವಾರ ಸಂಜೆ ಆರಕ್ಕೆ
ರೊಸಾರಿಯೋದ ಈ ಮೂರನೇ ಮಹಡಿಗೆ
ಐಲೆನ್ ಅವನನ್ನು ಹೊತ್ತು ತರುತ್ತಾಳೆ
ಅಂಗೈಯಗಲದ ರೆಕಾರ್ಡರಿನಲ್ಲಿ.

ಹೆಸರು ಹೇಳುವ ಹಾಗಿಲ್ಲ. ಬಂದರಿನ ವೇಬ್ರಿಡ್ಜಿನಲ್ಲಿ ಗುಮಾಸ್ತ.
ಸೋಯಾ ತುಂಬಿದ ಲಾರಿ ತೂಗುತ್ತಾನೆ,
ಸುರಿದು ಬಂದ ಮೇಲೆ ಖಾಲಿ ಲಾರಿ ತೂಗುತ್ತಾನೆ,
ಕಳೆದು ಬರೆಯುತ್ತಾನೆ.
ಅವನ ತಮ್ಮ ಹೋಗಿ ಹದಿನಾಲ್ಕು ತಿಂಗಳು.
ಅಂದಿನಿಂದ ರಾತ್ರಿಯೆಂದರೆ ಬರೀ ಸೀಲಿಂಗು.

"ಇಲ್ಲಿ ಚೆನ್ನಾಗಿ ಹೇಳಿದ್ದೀನಲ್ಲವಾ?" ಅನ್ನುತ್ತಾಳೆ.
ಹೌದು, ಚೆನ್ನಾಗಿಯೇ. ಪಾಠ ಒಪ್ಪಿಸಿದ ಹಾಗೆ.
ನಾನು ಹಿಂದಕ್ಕೆ ತಿರುಗಿಸುತ್ತೇನೆ.
ಅವನು "ನದಿ ಕಡೆಗೆ" ಎಂದು ನಿಲ್ಲಿಸಿದ್ದಾನೆ.
ಕುರ್ಚಿಯೊಂದು ಕಿರುಗುಟ್ಟಿದೆ.
ನಾಲ್ಕು ಸೆಕೆಂಡೂ ಆಗಿಲ್ಲ,
ಅಷ್ಟರಲ್ಲಿ ಇವಳು ಸಮಾಧಾನ ತುರುಕಿದ್ದಾಳೆ.
"ಯಾರ ಕುರ್ಚಿ ಅದು?"

ಬಹಳ ಹೊತ್ತಿನ ಮೇಲೆ: "ನನ್ನದು."

ಹೇಳಬೇಕೆಂದಿದ್ದ ಇನ್ನೆರಡು ಮಾತನ್ನು
ಬಿಸಿನೀರಿನ ಜೊತೆ ಸೋರೆಬುರುಡೆಗೆ ಹೊಯ್ದು
ಕಹಿ ಚಹಾ ಅವಳ ಕೈಗಿಟ್ಟೆ.

ಪ್ರತಿ ವಾರ ರೋಗಿಗಳು ಹದಿನೆಂಟು ಪ್ರಶ್ನೆಯ ಕಾಗದ ತುಂಬುತ್ತಾರೆ.
ಲೆಕ್ಕದ ಹುಡುಗ ಎವರಿಸ್ತೊ
ಬಾಗಿಲಲ್ಲೇ ನಿಂತು, ಸಂಕೋಚದಿಂದ:
"ದೊನ್ಯಾ ಬ್ರಿಹಿದಾ, ನಮ್ಮ ಕ್ಲಿನಿಕ್ಕಿನ ಮಟ್ಟಿಗೆ
ಮೇಲ್ವಿಚಾರಕರು ಯಾರಾದರೂ
ರೋಗಿಗಳ ಗೆರೆ ಅಷ್ಟೇನೂ ಬದಲಾಗಿಲ್ಲ.
ನೂರರಲ್ಲಿ ಒಂದು ಪಾಲು. ಅದಕ್ಕೂ ಕಡಿಮೆಯೋ ಏನೋ."

ಮೂವತ್ತೊಂದು ವರ್ಷ. ನೂರರಲ್ಲಿ ಒಂದು.
ಆ ರಾತ್ರಿ ಪಾತ್ರೆಯ ಜೊತೆ ಅದನ್ನೂ ತೊಳೆದೆ,
ಕರೆ ಬಿಡಲಿಲ್ಲ.

ಇರಲಿ ಹುಡುಗಾ,
ತುಂಬಿದ್ದರಿಂದ ಖಾಲಿಯನ್ನು ಕಳೆಯುವುದು ಹೇಗೆ?
ನನ್ನ ಬಾಗಿಲು ತಟ್ಟದ ಐಲೆನ್
ಎಲ್ಲಿ ಸಿಗುತ್ತಾಳೆ, ತೂಗುವುದಕ್ಕೆ?

ಒಂಬತ್ತನೇ ವಾರದ ರೆಕಾರ್ಡಿಂಗು.
"ನದಿ ಕಡೆಗೆ," ಅನ್ನುತ್ತಾನೆ. ನಿಲ್ಲಿಸುತ್ತಾನೆ.
ಕುರ್ಚಿ ಕಿರುಗುಡುವುದಿಲ್ಲ.
ಹೊರಗೆ ಬಸ್ಸೊಂದು ಹೋಗುತ್ತದೆ,
ಬಂದ ಸದ್ದಿನಿಂದ ಹೋದ ಸದ್ದಿನವರೆಗೆ, ಪೂರ್ತಿ.
ಆಮೇಲೆ, ತೂಕದ ಚೀಟಿ ಓದಿದಷ್ಟು ಸಪಾಟಾಗಿ:
"ಅವನ ಫೋನು ಬಂದಿತ್ತು.
ಲಾರಿ ಸಾಲುಗಟ್ಟಿದ್ದವು.
ಎತ್ತಲಿಲ್ಲ."

ಐಲೆನ್ ನನ್ನ ಮುಖ ನೋಡುತ್ತಾಳೆ.
ನನ್ನ ಕುರ್ಚಿಯನ್ನು ನಾನು ಹಿಡಿದುಕೊಂಡಿದ್ದೇನೆ.

ಆ ವಾರ ಅವನ ಅಂಕ ಕೆಟ್ಟಿತ್ತು.
ಮುಂದಿನ ವಾರ ಅವನು ಬರಲೇ ಇಲ್ಲ.
ಅವಳು ನನಗೆ ಮೂರು ಸಲ ಫೋನು ಮಾಡಿದಳು,
ಒಂದು ಸಲ ರಾತ್ರಿ ಎರಡಕ್ಕೆ.
ಮೂರು ಸಲವೂ ಎತ್ತಿದೆ.

ಅದರಾಚೆಯ ಮಂಗಳವಾರ ಬಂದನಂತೆ,
ಇಪ್ಪತ್ತು ನಿಮಿಷ ತಡವಾಗಿ,
ಬಸ್ಸಿನಲ್ಲಿ ನಿದ್ದೆ ಹತ್ತಿ
ಸ್ಟಾಪು ತಪ್ಪಿಹೋಯಿತೆಂದು
ಕ್ಷಮೆ ಕೇಳುತ್ತಾ.