ಗೋಡೆಯ ರಟ್ಟು

ಕೌಲ್ ಬಜಾರಿನ ಮಹಡಿಯ ಮೇಲೆ ನಮ್ಮ ಜೀನ್ಸ್ ಯೂನಿಟ್ಟು.
ಮೂವತ್ತೊಂದು ಹೊಲಿಗೆ ಮಷೀನು, ಒಂದು ಕಂಪ್ಯೂಟರು.
ಮಷೀನಿಗೆ ಎಣ್ಣೆ ಬಿಡುವವನು ಎರ್ರಿಸ್ವಾಮಿ,
ಕಂಪ್ಯೂಟರಿಗೆ ನಾನು.
ಅದರ ನೆನಪು ಎರಡೇ ಜಿಬಿ,
ಕೊಂಡ ವರ್ಷ ಅದೇ ದೊಡ್ಡದಿತ್ತಂತೆ.

ಪಾಲಿಟೆಕ್ನಿಕ್ಕಿನಲ್ಲಿ ಹೇಳಿಕೊಟ್ಟಿದ್ದರು:
ಲೋಕವೆಲ್ಲ ವಸ್ತು,
ಪ್ರತಿ ವಸ್ತುವಿಗೂ ತನ್ನ ಗುಣ, ತನ್ನ ಕೆಲಸ.
ನಂಬಿದೆ.
ಪ್ಯಾಂಟು ಒಂದು ವಸ್ತು, ಜಿಪ್ಪು ಒಂದು ವಸ್ತು,
ಆರು ರಿವೆಟ್ಟು ಆರು ವಸ್ತು.
ಸೊಂಟದ ಹಿತ್ತಾಳೆ ಗುಂಡಿಗೂ
ಬಣ್ಣ, ಅಳತೆ, ತೂಕ, ತಂದ ಅಂಗಡಿ ಎಲ್ಲ ಬರೆದು
ಒಂದೊಂದಕ್ಕೂ ಒಂದೊಂದು ಮನೆ ಕಟ್ಟಿಕೊಟ್ಟೆ.

ರಂಜಾನಿಗೆ ಮುಂಚೆ ನಲವತ್ತು ಸಾವಿರದ ಆರ್ಡರು.
ಹನ್ನೊಂದನೇ ಸಾವಿರಕ್ಕೆ ಪರದೆ ಕಲ್ಲಾಯಿತು.
ಮಾಲೀಕರು ಬಂದು ಡಬ್ಬಕ್ಕೆ ಎರಡು ಬಡಿದು ಹೋದರು.

ದಾರ ಕತ್ತರಿಸುವ ಮಾಬುನ್ನಿ ಬೆನ್ನ ಹಿಂದೆ ನಿಂತಿದ್ದಳು.
"ಏನಾತು?"
"ಗುಂಡಿ ಹೆಚ್ಚಾದವು. ಇದರ ತಲೆಯಲ್ಲಿ ಜಾಗ ಇಲ್ಲ."
"ಎಷ್ಟು ನಮೂನಿ?"
"ಮೂರೇ."
ಹಲ್ಲಿನ ಸಂದಿಯ ದಾರದ ತುಣುಕು ಉಗುಳಿ ನಕ್ಕಳು:
"ಮೂರು ಮಾತು ನಲವತ್ತು ಸಾವಿರ ಸಲ ಯಾಕ ಹೇಳ್ತಿ?
ಗೋಡಿಮ್ಯಾಲ ರಟ್ಟು ಐತಿ ನೋಡು,
ಮೂರು ಗುಂಡಿ ಹೊಲ್ದೀವಿ.
ಎರಡನೇದು ಅಂತ ಬೊಟ್ಟು ಮಾಡ್ತೀವಿ. ಮುಗೀತು."

ಆ ರಾತ್ರಿ ಇಪ್ಪತ್ತೊಂಬತ್ತು ಸಾವಿರ ಚಿಲ್ಲರೆ ಮನೆ
ಕಟ್ಟುವ ಮೊದಲೇ ಕೆಡವಿದೆ.
ಮೂರು ಗುಂಡಿ ಉಳಿದವು,
ಉಳಿದದ್ದೆಲ್ಲ ಬೊಟ್ಟು.
ಬೊಟ್ಟಿಗೆ ಎಷ್ಟು ಜಾಗ ಬೇಕು?

ರುಚಿ ಹತ್ತಿತು. ಕದಿಯತೊಡಗಿದೆ.
ಖಾಲಿ ಬಾಬಿನ್ ಯಾರೂ ಎಸೆಯುವುದಿಲ್ಲ, ಮತ್ತೆ ಸುತ್ತುತ್ತಾರೆ: ಕದ್ದೆ.
ಸಂಜೆ ಆರಕ್ಕೆ ನನ್ನ ಪ್ರೋಗ್ರಾಮು
ಎಲ್ಲ ಕೆಲಸ ನಿಲ್ಲಿಸಿ ಕಸ ಗುಡಿಸುತ್ತಿತ್ತು,
ಆ ನಾಲ್ಕು ನಿಮಿಷ ಬಿಲ್ಲಿಲ್ಲ, ಲೆಕ್ಕವಿಲ್ಲ,
ಕೆಳಗೆ ಲಾರಿಯವನ ಬೈಗುಳ ಮಾತ್ರ.
ಹುಲಿಗೆಮ್ಮ ಗುಡಿಸುವಾಗ ಯಾವ ಮಷೀನೂ ನಿಲ್ಲುವುದಿಲ್ಲ.
"ಕಾಲೆತ್ತವಾ" ಅನ್ನುತ್ತಾಳೆ,
ಒಂದು ಕಾಲು ಏಳುತ್ತದೆ, ಇನ್ನೊಂದು ಪೆಡಲಿನ ಮೇಲೇ.
ಇಂದು ಬಿದ್ದ ಚೂರು ಇಂದೇ,
ಮೂಲೆಯ ಹಳೇ ಗಂಟು ಅಮಾವಾಸ್ಯೆಗೆ.
ನೀಲಿ ನವಿರು ತುಂಬಿದ ಅವಳ ಬುಟ್ಟಿಯನ್ನೇ
ಸಾಲು ಸಾಲಾಗಿ ಕೋಡು ಮಾಡಿದೆ.

ಆದರೂ ಎರಡು ವಸ್ತು ಹೋಗಲೊಲ್ಲವು.
ನನ್ನ ನಿಯಮ ಸರಳ:
ಯಾರೂ ಬೊಟ್ಟು ಮಾಡದ್ದು ಕಸ.
ಹದಿನೇಳನೇ ಮಷೀನಿನ ತಿಪ್ಪಕ್ಕ,
ಹದಿನೆಂಟರ ಗೌಸಿಯಾ.
ಮುಂಗಡ ಪಡೆದಾಗ ಒಬ್ಬರಿಗೊಬ್ಬರು ಜಾಮೀನು.
ಮುಂಗಡ ತೀರಿತು, ಇಬ್ಬರೂ ರಾಯದುರ್ಗದ ಯೂನಿಟ್ಟು ಸೇರಿ
ಎರಡು ವರ್ಷವಾಯಿತು.
ಹಾಜರಿಗೆ ಬೇಡ, ಸಂಬಳಕ್ಕೆ ಬೇಡ,
ಹೊರಗಿನ ಒಂದು ಬೆರಳೂ ಇವರತ್ತ ಇಲ್ಲ.
ಒಳಗೆ ಮಾತ್ರ
ಇವಳ ಬೆರಳು ಅವಳತ್ತ, ಅವಳ ಬೆರಳು ಇವಳತ್ತ.
ಎಣಿಕೆ: ಒಂದು. ಒಂದು.

ಉಪಾಯ ಗೊತ್ತಿತ್ತು. ಒಂದು ಗಂಟನ್ನು ಸಡಿಲಿಸುವುದು:
ನೋಡಲಿ, ಹಿಡಿಯದಿರಲಿ.
ಒಂದೇ ಸಾಲು.
ಎರಡು ದಿನ ಬರೆಯಲಿಲ್ಲ.
ಮೂರನೇ ದಿನ ಬರೆದೆ.
ತೊಂಬತ್ತಾರು ಬೈಟು ಬಿಡುವಾಯಿತು,
ಊಟಕ್ಕೆ ಕೂತಾಗ ಹದಿನೇಳನೇ ಮಷೀನಿನತ್ತ ನೋಡಿದೆ,
ಅಲ್ಲಿ ಬೇರೆ ಯಾರೋ ಉಪ್ಪಿನಕಾಯಿ ಹಂಚುತ್ತಿದ್ದರು.

ಆಮೇಲೆ ಮಾಲೀಕರ ಅಳಿಯ ಅರ್ಜಿ ತಂದ.
ಹೊಸ ಆವಿಷ್ಕಾರವಂತೆ, ಹಕ್ಕು ನೋಂದಾಯಿಸಬೇಕಂತೆ.
ಇದನ್ನೆಲ್ಲ ಎಲ್ಲೋ ಯಾರೋ ನಾನು ಹುಟ್ಟುವ ಮೊದಲೇ
ಕಂಡುಹಿಡಿದಿದ್ದಾರೆಂದು ಅವನಿಗೆ ಹೇಳಲಿಲ್ಲ.
ಆವಿಷ್ಕರಿಸಿದವರ ಹೆಸರು: ಒಂದೇ ಗೆರೆ.
ಮಾಬುನ್ನಿಯ ಕೈಗೆ ಕೊಟ್ಟೆ.
ಅವಳು ಬೆಳಕಿಗೆ ಹಿಡಿದು, ಬೆರಳಿನಲ್ಲಿ ಚಿಟಿದು,
"ಕಾಗದ ಗಟ್ಟಿ ಐತಿ" ಅಂದಳು.
ಹಳೇ ರಟ್ಟು ಹರಿದು ಮೂರನೇ ಗುಂಡಿ ಜೋಲುತ್ತಿತ್ತು.
ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ
ಗುಂಡಿ ಹೊಲಿದು ಮೊಳೆಗೆ ಸಿಕ್ಕಿಸಿದಳು.

ಸಂಜೆ ಅಳಿಯ ಬಂದು, ಅರ್ಜಿ ಎಲ್ಲಿ ಎಂದ.
ಮಷೀನು ನಿಲ್ಲಿಸದೆ
ಮೂವತ್ತೊಂದು ಕೈ ಗೋಡೆಯತ್ತ ಬೊಟ್ಟು ಮಾಡಿದವು.